ಕುಶಾದಾಸಿಯಲ್ಲಿ ಹಡಗು ನಿಲ್ಲುವ ಒಂದು ದಿನ: ಎಫೆಸಸ್ ನಾವೇ ನೋಡಿಕೊಂಡು ಬರಬಹುದೇ?

ನೀರಹಕ್ಕಿ:

ಅಕ್ಟೋಬರ್ ಕೊನೆಯ ವಾರ ಅಥೆನ್ಸಿನ ಪಿರೇಯಸ್ ಬಂದರಿನಿಂದ ಹೊರಡುವ ಕ್ರೂಸ್. ಸುತ್ತುವುದು ಗ್ರೀಕ್ ದ್ವೀಪಗಳನ್ನು, ನಡುವೆ ಒಂದು ದಿನ ಮಾತ್ರ ಟರ್ಕಿಯ ಕುಶಾದಾಸಿ. ಹಡಗು ಬೆಳಿಗ್ಗೆ 7ಕ್ಕೆ ಕಟ್ಟೆಗೆ ಬರುತ್ತದೆ, ಸಂಜೆ 6ಕ್ಕೆ ಬಿಡುತ್ತದೆ. ನಾಲ್ಕು ಜನ, ಇಬ್ಬರಿಗೆ ಎಪ್ಪತ್ತರ ಆಸುಪಾಸು, ಅವರಲ್ಲಿ ಒಬ್ಬರಿಗೆ ಮೊಣಕಾಲು ನೋವು. ಮೊಟ್ಟೆ ನಡೆಯುತ್ತದೆ, ಮಾಂಸ ಮೀನು ಇಲ್ಲ.

ಹಡಗಿನವರ ಟೂರಿಗೆ ತಲೆಗಿಷ್ಟು ಎಂದು ಹಾಕಿದರೆ ನಾಲ್ವರಿಗೆ ಕೈಸುಡುವ ಮೊತ್ತ. ಹಾಗಾಗಿ ಕೇಳುತ್ತಿರುವುದು: ನಾವೇ ಟ್ಯಾಕ್ಸಿಯಲ್ಲೋ ಬಸ್ಸಿನಲ್ಲೋ ಹೋಗಿ ಬರುವುದು ಎಷ್ಟು ಸುಲಭ? ಊರು ಮತ್ತು ಹತ್ತಿರದ ಹಳೇ ರೋಮನ್ ನಗರದ ಅವಶೇಷ ಎಫೆಸಸ್, ಎರಡೂ ಒಂದೇ ದಿನದಲ್ಲಿ ಆಗುತ್ತವೆಯೇ? ಊಟಕ್ಕೆ ಏನು ಸಿಗುತ್ತದೆ? ಒಂದು ದಿನಕ್ಕೆ ಟರ್ಕಿ ವೀಸಾ ಬೇಕೇ?

ಗಂಟುಮೂಟೆ:

ಊರು ಸುತ್ತುವ ಮಾತು ಆಮೇಲೆ. ಮೊದಲು ಪಾಸ್‌ಪೋರ್ಟ್ ತೆಗೆದು ಶೆಂಗೆನ್ (ಗ್ರೀಸ್ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸ್ಟಿಕ್ಕರ್ ನೋಡಿ. ಎಷ್ಟು ಸಲ ಒಳಗೆ ಬರಬಹುದು ಎಂದು ಬರೆದಿರುವ ಜಾಗದಲ್ಲಿ 01 ಇದ್ದರೆ ಕೆಲಸ ಕೆಟ್ಟಿತು. ಅಥೆನ್ಸಿನಲ್ಲಿ ವಿಮಾನದಿಂದ ಇಳಿದಿದ್ದು ಒಂದನೇ ಪ್ರವೇಶ. ಹಡಗು ಕುಶಾದಾಸಿಗೆ ಹೋದರೆ ಶೆಂಗೆನ್ ಗಡಿ ದಾಟಿದಂತೆ. ಮತ್ತೆ ಗ್ರೀಕ್ ದ್ವೀಪಕ್ಕೆ ಬಂದಾಗ ಅದು ಎರಡನೇ ಪ್ರವೇಶ. ಭಾರತದ ಪಾಸ್‌ಪೋರ್ಟಿನವರು ಈ ಮಾರ್ಗದಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಯೂರೋಪಿನವರು, ಅಮೆರಿಕದವರು ಬರೆದ ಸಲಹೆಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ, ಏಕೆಂದರೆ ಅವರಿಗೆ ಆ ತಲೆನೋವೇ ಇಲ್ಲ. 02 ಅಥವಾ ‘ಮಲ್ಟ್’ ಎಂದಿರಬೇಕು. ಇನ್ನೂ ಅರ್ಜಿ ಹಾಕಿಲ್ಲವಾದರೆ ಕ್ರೂಸಿನ ಮಾರ್ಗದ ಪಟ್ಟಿಯನ್ನು ಅರ್ಜಿ ಜೊತೆ ಲಗತ್ತಿಸಿ, ಒಂದಕ್ಕಿಂತ ಹೆಚ್ಚು ಪ್ರವೇಶ ಬೇಕೆಂದು ಸ್ಪಷ್ಟವಾಗಿ ಕೇಳಿ.

ಟರ್ಕಿ ವೀಸಾ: ಅಲ್ಲಿನ ವಿದೇಶಿಯರ ಕಾನೂನಿನಲ್ಲಿ (6458ನೇ ಕಾನೂನು) ಬಂದರಿಗೆ ಬಂದು, ಬಂದರಿನ ಊರು ಮತ್ತು ಹತ್ತಿರದ ಪ್ರಾಂತ್ಯಗಳನ್ನು 72 ಗಂಟೆ ಮೀರದಂತೆ ನೋಡಿಹೋಗುವ ಪ್ರವಾಸಿಗರಿಗೆ ವೀಸಾ ವಿನಾಯಿತಿ ಕೊಡಬಹುದು ಎಂದಿದೆ. ‘ಕೊಡಬಹುದು’ ಎಂದಿದೆಯೇ ಹೊರತು ‘ಕೊಡಲೇಬೇಕು’ ಎಂದಿಲ್ಲ. ಆದ್ದರಿಂದ ನಿಮ್ಮ ಕ್ರೂಸ್ ಕಂಪನಿಗೆ ಮೇಲ್ ಮಾಡಿ, ಭಾರತೀಯರಿಗೆ ಏನು ಬೇಕೆಂದು ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ. ಅವರು ವೀಸಾ ಬೇಕೆಂದರೂ ಗಾಬರಿ ಬೇಡ. ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇದ್ದವರಿಗೆ ಟರ್ಕಿಯ ಇ-ವೀಸಾ ಆನ್‌ಲೈನಿನಲ್ಲೇ ಸಿಗುತ್ತದೆ. ಸರ್ಕಾರಿ ಸೈಟಿನಲ್ಲೇ ಮಾಡಿ. ಅದನ್ನೇ ಹೋಲುವ ಏಜೆಂಟ್ ಸೈಟುಗಳು ಒಂದಕ್ಕೆ ಎರಡು ಕೀಳುತ್ತವೆ.

ಇನ್ನು ಗಡಿಯಾರ. ಟರ್ಕಿ 2016ರಿಂದ ವರ್ಷಪೂರ್ತಿ ಒಂದೇ ಸಮಯ ಇಟ್ಟುಕೊಂಡಿದೆ, ನಮಗಿಂತ ಎರಡೂವರೆ ಗಂಟೆ ಹಿಂದೆ. ಗ್ರೀಸ್ ಬೇಸಿಗೆಯಲ್ಲಿ ಅದಕ್ಕೆ ಸಮ, ಅಕ್ಟೋಬರ್ ಕೊನೆಯ ಭಾನುವಾರದಿಂದ ಒಂದು ಗಂಟೆ ಹಿಂದೆ. ನಿಮ್ಮ ಪ್ರಯಾಣ ಸರಿಯಾಗಿ ಆ ಭಾನುವಾರದ ಅಕ್ಕಪಕ್ಕದಲ್ಲೇ ಇದೆ! ಹಡಗು ಆ ದಿನ ಟರ್ಕಿ ಸಮಯಕ್ಕೆ ತಿರುಗಿದ್ದು, ನಿಮ್ಮ ಕೈಗಡಿಯಾರ ಗ್ರೀಕ್ ಸಮಯದಲ್ಲೇ ಉಳಿದಿದ್ದರೆ ನೀವು ಒಂದು ಗಂಟೆ ತಡ. ಎದುರಿಗೇ ಗ್ರೀಸಿನ ಸಾಮೋಸ್ ದ್ವೀಪ ಇರುವುದರಿಂದ ಕರಾವಳಿಯಲ್ಲಿ ಫೋನು ಗ್ರೀಕ್ ನೆಟ್‌ವರ್ಕ್ ಹಿಡಿದು ತಾನೇ ಸಮಯ ಬದಲಿಸಿಕೊಳ್ಳುವುದೂ ಉಂಟು. ಫೋನಿನ ‘ಸ್ವಯಂ ಸಮಯ’ ಆಫ್ ಮಾಡಿ. ಇಳಿಯುವಾಗ ಬಾಗಿಲ ಬಳಿ ಬೋರ್ಡಿನಲ್ಲಿ ಹಡಗಿನ ಸಮಯ ಮತ್ತು ಎಲ್ಲರೂ ಹತ್ತಿರಬೇಕಾದ ಸಮಯ ಬರೆದಿರುತ್ತಾರೆ, ಅದರ ಫೋಟೋ ಹಿಡಿದುಕೊಳ್ಳಿ. 6ಕ್ಕೆ ಹೊರಡುವ ಹಡಗಿಗೆ ಸಾಮಾನ್ಯವಾಗಿ 5:30ಕ್ಕೇ ಬಾಗಿಲು. ಮತ್ತೆ, ಕಟ್ಟೆಯಲ್ಲಿ ನಿಂತಿದ್ದಾಗ ಫೋನು ಹಡಗಿನ ಸಮುದ್ರ ನೆಟ್‌ವರ್ಕಿಗೆ ಅಂಟಿಕೊಂಡರೆ ಬಿಲ್ಲು ನೋಡಿ ಎದೆ ಒಡೆಯುತ್ತದೆ. ಬಂದರಿನ ಗೇಟು ದಾಟುವವರೆಗೆ ಏರ್‌ಪ್ಲೇನ್ ಮೋಡ್.

ಮೂಡಣಗಾಳಿ:

ಗಂಟುಮೂಟೆಯವರು ಕಾಗದಪತ್ರದ ಕೆಲಸ ಮುಗಿಸಿಕೊಟ್ಟರು. ನಾನು ದಾರಿ ಹೇಳುತ್ತೇನೆ.

ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಕುಶಾದಾಸಿಯ ಅನುಕೂಲವೆಂದರೆ ಹಡಗು ಊರಿನ ಬಾಯಿಗೇ ಬಂದು ನಿಲ್ಲುತ್ತದೆ, ದೋಣಿಗೆ ಇಳಿದು ಬರುವ ತಾಪತ್ರಯವಿಲ್ಲ. ಬಂದರಿನ ಗೇಟು ದಾಟಿದರೆ ಊರೇ. ಹಾಗಾಗಿ ಊರನ್ನು ಸಂಜೆಗೆ ಇಟ್ಟುಕೊಳ್ಳಿ. ಎಫೆಸಸ್ ಇರುವುದು ಸುಮಾರು 18-20 ಕಿ.ಮೀ. ದೂರದ ಸೆಲ್ಚುಕ್ ಎಂಬ ಊರಿನ ಪಕ್ಕದಲ್ಲಿ, ರಸ್ತೆಯಲ್ಲಿ ಅರ್ಧ ಗಂಟೆ.

ಹೋಗುವ ದಾರಿ ಎರಡು. ಒಂದು ದೊಲ್ಮುಶ್, ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಥರದ್ದು. ಬಂದರಿನಿಂದ ಊರೊಳಗೆ ಒಂದು ಕಿ.ಮೀ. ಚಿಲ್ಲರೆ ನಡೆದು ಸೆಲ್ಚುಕ್ ಗಾಡಿ ಹತ್ತಬೇಕು. ನಗದು ಮಾತ್ರ. ಹಿಂದೆ ಕೂತವರು ದುಡ್ಡನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ಡ್ರೈವರ್ ತನಕ ಹೋಗಿ, ಚಿಲ್ಲರೆಯೂ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಯಾರೂ ಮೋಸ ಮಾಡುವುದಿಲ್ಲ. ‘ಎಫೆಸ್’ ಎಂದರೆ ಸಾಕು. (ಹೋಟೆಲಿನಲ್ಲಿ ಇದೇ ಮಾತು ಹೇಳಿದರೆ ಬಿಯರ್ ತಂದಿಡುತ್ತಾರೆ, ಅದು ಅಲ್ಲಿನ ಬಿಯರಿನ ಹೆಸರೂ ಹೌದು.) ಇಳಿಸುವುದು ಮುಖ್ಯರಸ್ತೆಯ ಕೂಡಿನಲ್ಲಿ, ಅಲ್ಲಿಂದ ಕೆಳಗಿನ ಗೇಟಿಗೆ ಸುಮಾರು 1 ಕಿ.ಮೀ. ನಡಿಗೆ. ವಾಪಸ್ ಬರುವಾಗ ಅದೇ ಕೂಡಿನಲ್ಲಿ ಕೈ ತೋರಿಸಬಹುದು, ಆದರೆ ತುಂಬಿದ ಗಾಡಿ ನಿಲ್ಲಿಸದೆ ಹೋಗುತ್ತದೆ. ಸೆಲ್ಚುಕ್ ಬಸ್ ನಿಲ್ದಾಣಕ್ಕೇ ಹೋಗಿ ಹತ್ತಿದರೆ ಸೀಟು ಸಿಗುತ್ತದೆ.

ನಾಲ್ವರಿದ್ದೀರಿ, ಮೊಣಕಾಲು ನೋವೂ ಇದೆ. ಟ್ಯಾಕ್ಸಿಯೇ ಸರಿ. ಹೋಗುವುದು, ಕಾಯುವುದು, ಸೆಲ್ಚುಕ್ಕಿನಲ್ಲಿ ಒಂದೆರಡು ಕಡೆ ನಿಲ್ಲಿಸುವುದು, ವಾಪಸ್, ಎಲ್ಲ ಸೇರಿಸಿ ಒಂದೇ ದರ ಮಾತಾಡಿ. ಮೂರು ಸಂಗತಿ ಕಾಗದದ ಮೇಲೆ ಬರೆದು ಡ್ರೈವರಿಗೆ ತೋರಿಸಿ: ಮೊತ್ತ, ಅದು ಲೀರಾನೋ ಯೂರೋನೋ, ಎಷ್ಟು ಗಂಟೆ. ಜಗಳ ಬರುವುದೆಲ್ಲ ಎರಡನೆಯದರಲ್ಲಿ. ‘ಐವತ್ತು’ ಎಂದಿದ್ದು ತಲೆಗೋ ಗಾಡಿಗೋ ಎಂಬುದನ್ನೂ ಬರೆಯಿರಿ. ದುಡ್ಡು ಕೊನೆಗೆ, ಬಂದರಿನಲ್ಲಿ.

ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ 7:30ರ ಹೊತ್ತಿಗೆ. ಗೇಟು ತೆರೆಯುವುದು 8ಕ್ಕೆ. ನೀವು 7:30ಕ್ಕೆ ಟ್ಯಾಕ್ಸಿ ಹತ್ತಿದರೆ ಮೊದಲಿಗರಲ್ಲಿ ಒಬ್ಬರು. ಹಡಗುಗಳ ಬಸ್ಸು ಬಂದು ಸುರಿಯುವುದು ಹೆಚ್ಚಾಗಿ ಒಂಬತ್ತೂವರೆಯ ಮೇಲೆ, ಆಗ ಒಳಗಿನ ಸೆಲ್ಸಸ್ ಗ್ರಂಥಾಲಯದ ಮುಂದೆ ಬರೀ ತಲೆಗಳು. ಟಿಕೆಟ್ 2024ರಲ್ಲಿ 40 ಯೂರೋ ಮಾಡಿದರು, ಒಳಗಿನ ‘ಇಳಿಜಾರಿನ ಮನೆಗಳಿಗೆ’ (ಗುಡ್ಡದ ಇಳಿಜಾರಿನಲ್ಲಿರುವ ರೋಮನ್ನರ ಕಾಲದ ಮನೆಗಳು) ಪ್ರತ್ಯೇಕ 15. ಹೊರಡುವ ಮುನ್ನ ಈಗಿನ ದರ ನೋಡಿಕೊಳ್ಳಿ. ಕಾರ್ಡಿನಲ್ಲಿ ಕೊಡುವಾಗ ಯಂತ್ರ ‘ರೂಪಾಯಿಯಲ್ಲಾ ಲೀರಾದಲ್ಲಾ’ ಎಂದು ಕೇಳಿದರೆ ಲೀರಾ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರಿಟ್ಟದ್ದೇ, ಸುಮ್ಮನೆ ನಷ್ಟ. ಎಟಿಎಮ್ಮಿನಲ್ಲೂ ಹೀಗೆಯೇ.

ಎರಡು ಗೇಟು: ಮೇಲಿನದು, ಕೆಳಗಿನದು. ಟರ್ಕಿ ಭಾಷೆಯಲ್ಲಿ ಬಾಗಿಲಿಗೆ ‘ಕಪಿ’ ಎನ್ನುತ್ತಾರೆ, ನಗಬೇಡಿ. ಉಸ್ತ್ ಕಪಿ ಮೇಲಿನದು, ಆಲ್ತ್ ಕಪಿ ಕೆಳಗಿನದು. ಎಲ್ಲರೂ ಮೇಲೆ ಇಳಿದು ಕೆಳಗೆ ಹೊರಬರುತ್ತಾರೆ, ಒಂದೂವರೆ ಕಿ.ಮೀ. ಚಿಲ್ಲರೆ, ಎರಡು ಗಂಟೆ ಸಾಕು. ಟ್ಯಾಕ್ಸಿ ನಿಮ್ಮನ್ನು ಮೇಲೆ ಬಿಟ್ಟು ಕೆಳಗೆ ಬಂದು ಕಾಯಬೇಕು, ಇದನ್ನೂ ಮೊದಲೇ ಹೇಳಿ. ಕೆಳಗಿನ ಗೇಟಿನ ಹತ್ತಿರ ‘ಮೇಲಿನ ಗೇಟಿಗೆ ಫ್ರೀಯಾಗಿ ಬಿಡುತ್ತೇನೆ’ ಎನ್ನುವವರ ಗಾಡಿ ಹತ್ತಬೇಡಿ, ನಡುವೆ ಕಾರ್ಪೆಟ್ ಅಂಗಡಿಯ ಮುಂದೆ ನಿಲ್ಲುತ್ತದೆ. ಶೌಚಾಲಯ ಗೇಟುಗಳ ಬಳಿ. ನಡುವೆ ಇರುವುದು ರೋಮನ್ನರದು, ಸಾಲಾಗಿ ತೂತು ಕೊರೆದ ಅಮೃತಶಿಲೆಯ ಕಟ್ಟೆ, ನೋಡಲಿಕ್ಕೆ ಮಾತ್ರ.

ಸೆಲ್ಸಸ್ ಗ್ರಂಥಾಲಯದ ಮುಂದೆ ಫೋಟೋ ತೆಗೆದು ಓಡಬೇಡಿ, ಹತ್ತು ನಿಮಿಷ ನಿಲ್ಲಿ. ಅದು ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬೆಳಕು ನೇರ ಮುಖಕ್ಕೆ. ಮಧ್ಯಾಹ್ನದ ಮೇಲೆ ಸೂರ್ಯ ಅದರ ಬೆನ್ನಿಗೆ ಹೋಗಿ ಫೋಟೋ ಕಪ್ಪು. ಕಂಬಗಳನ್ನು ಎಡದಿಂದ ಬಲಕ್ಕೆ ಗಮನಿಸಿ: ಅಂಚಿನವು ನಡುವಿನವಕ್ಕಿಂತ ಸ್ವಲ್ಪ ಚಿಕ್ಕವು. ಇಕ್ಕಟ್ಟಾದ ಜಾಗದಲ್ಲಿ ಕಟ್ಟಡ ಅಗಲವಾಗಿ ಕಾಣಲೆಂದು ಮಾಡಿದ ಕಣ್ಕಟ್ಟು. ಗೂಡುಗಳಲ್ಲಿರುವ ನಾಲ್ಕು ಹೆಣ್ಣುಮೂರ್ತಿಗಳು ನಕಲು, ಅಸಲು ವಿಯೆನ್ನಾದಲ್ಲಿವೆ. ಇಡೀ ಮುಖ 1970ರ ದಶಕದಲ್ಲಿ ಆಸ್ಟ್ರಿಯಾದ ಪುರಾತತ್ವದವರು ಬಿದ್ದ ಕಲ್ಲುಗಳನ್ನೇ ಹೊಂದಿಸಿ ಎತ್ತಿ ನಿಲ್ಲಿಸಿದ್ದು. ಮಗ ಅಪ್ಪನ ನೆನಪಿಗೆ ಕಟ್ಟಿಸಿದ ಗ್ರಂಥಾಲಯ, ಅಪ್ಪನ ಸಮಾಧಿ ಅದರ ನೆಲದಡಿಯಲ್ಲೇ ಇದೆ.

ಕೆಳಗೆ ಬಂದರೆ ದೊಡ್ಡ ರಂಗಮಂದಿರ, ಸುಮಾರು 25,000 ಜನ ಹಿಡಿಯುವಷ್ಟು. ಅದರ ಎದುರಿನ ಅಗಲವಾದ ಬೀದಿ ಬಂದರಿನ ಬೀದಿ. ಕೊನೆಯಲ್ಲಿ ಸಮುದ್ರ ಹುಡುಕಬೇಡಿ, ಪೊದೆ ಮತ್ತು ಜೌಗು. ಕ್ಯುಚುಕ್ ಮೆಂದೆರೆಸ್ ನದಿ ತಂದ ಹೂಳು ಬಂದರನ್ನು ಮುಚ್ಚಿತು, ಈಗ ಸಮುದ್ರ ಐದಾರು ಕಿ.ಮೀ. ಆಚೆ. ನಿಮ್ಮ ಹಡಗು ಎಫೆಸಸ್ಸಿಗೆ ಬಾರದೆ ಕುಶಾದಾಸಿಯಲ್ಲಿ ನಿಲ್ಲುವುದು ಆ ಹೂಳಿನಿಂದಾಗಿಯೇ.

ಕೆರಿದಂಡಿ:

ಮೂಡಣಗಾಳಿಯವರು ಹೇಳಿದ್ದೆಲ್ಲಾ ಬರೋಬ್ಬರಿ, ಆದ್ರ ಒಂದು ಮಾತಿಗೆ ನನ್ನ ತಕರಾರು ಅದ. ಮ್ಯಾಲಿಂದ ಕೆಳಗ ಇಳಿಯೂದು ಸುಲಭ ಅಂತ ಎಲ್ಲಾರೂ ಹೇಳ್ತಾರ. ದಮ್ಮು ಹತ್ತೋರಿಗೆ ಅದು ಖರೆ. ಮೊಣಕಾಲ ನೋವಿದ್ದವರಿಗೆ ಇಳಿಜಾರೇ ವೈರಿ. ಒಳಗಿನ ಹರ್ಕ್ಯುಲಸ್ ಗೇಟಿನಿಂದ ಗ್ರಂಥಾಲಯದ ತನಕ ಕ್ಯುರೇಟ್ಸ್ ಬೀದಿ ಪೂರಾ ಇಳಕಲ, ಹಾಸಿದ್ದು ಅಮೃತಶಿಲೆ, ಎರಡು ಸಾವಿರ ವರ್ಷದ ಕಾಲಾಗ ಸವೆದು ಗಾಜಿನಂಗ ಆಗೇದ. ಮಳಿ ಹನಿ ಬಿದ್ರಂತೂ ಜಾರಬಂಡಿ. ಅಕ್ಟೋಬರ್ ಕೊನಿಗೆ ಮಳಿ ಬರೂದಿಲ್ಲ ಅನ್ನಾಕ ಬರೂದಿಲ್ರಿ.

ಅದಕ್ಕ ಹಿಂಗ ಮಾಡ್ರಿ. ಇಬ್ಬರು ಮ್ಯಾಲಿನ ಗೇಟಿನಿಂದ ಹೋಗ್ಲಿ. ಕಾಲ ನೋವಿದ್ದವರು ಒಬ್ಬರ ಜೋಡಿ ಕೆಳಗಿನ ಗೇಟಿನಿಂದ. ಅಲ್ಲಿಂದ ರಂಗಮಂದಿರ, ಅಮೃತಶಿಲೆ ಬೀದಿ, ಗ್ರಂಥಾಲಯ, ದಾರಿ ಹೆಚ್ಚುಕಮ್ಮಿ ಸಪಾಟ. ಹೋಗಿ ಬರೂದು ಕೂಡಿ ಎರಡು ಕಿ.ಮೀ. ಒಳಗ. ನೋಡಬೇಕಾದ ದೊಡ್ಡವು ಎರಡೂ ಇಲ್ಲೇ ಅದಾವ. ರಂಗಮಂದಿರದ ಮೆಟ್ಟಿಲ ಹತ್ತಬ್ಯಾಡ್ರಿ, ಕೆಳಗ ನಿಂತು ನೋಡಿದ್ರ ಸಾಕು. ಗ್ರಂಥಾಲಯದ ಮುಂದ ನಾಲ್ಕೂ ಮಂದಿ ಕೂಡ್ರಿ, ವೇಳೆ ಮೊದಲೇ ನಿಗದಿ ಮಾಡ್ಕೊಳ್ರಿ. ಬಸ್ಸಿನ ಮಂದಿ ಮ್ಯಾಲಿಂದ ಬರೂದ್ರಾಗ ಕೆಳಗಿನವರಿಗೆ ಗ್ರಂಥಾಲಯ ಖಾಲಿ ಸಿಗ್ತದ, ಅದೊಂದು ಲಾಭ.

ಇಳಿಜಾರಿನ ಮನಿಗಳು ಕಾಲ ಗಟ್ಟಿ ಇದ್ದವರಿಗೆ ಮಾತ್ರ. ಮ್ಯಾಲ ಚಾವಣಿ ಹಾಕ್ಯಾರ, ಒಳಗೆಲ್ಲಾ ಮೆಟ್ಟಿಲ, ಒಮ್ಮೆ ಹೊಕ್ಕರ ಏರಿಕೊಂತ ಹೋಗಬೇಕು. ಆದ್ರ ಗ್ವಾಡಿ ಚಿತ್ರ, ನೆಲದ ಮೊಸಾಯಿಕ್ ನೋಡಿದ್ರ ಹದಿನೈದು ಯೂರೋ ಎಲ್ಲೂ ಹೋಗಿಲ್ಲ ಅನಸ್ತದ. ಬಂಗಾರದಂಥಾ ಜಾಗ.

ಸಾಮಾನು: ರಬ್ಬರ್ ಸೋಲ್ ಬೂಟು, ಕೆಳಗ ರಬ್ಬರ್ ಇರೋ ಕೋಲು, ತಲಿಗೆ ಟೋಪಿಗಿ, ತಲಿಗೊಂದು ಲೀಟರ್ ನೀರು. ನಡುವ ಅಂಗಡಿ ಇಲ್ಲ, ನೆರಳೂ ಕಮ್ಮಿ. ವೀಲ್‌ಚೇರ್ ಅಂತೂ ಆ ಕಲ್ಲಿನ ಸಂದಿನ್ಯಾಗ ಸಿಕ್ಕಿಹಾಕ್ಕೊಂತದ.

ಪುಳಿಯೋಗರೆ ಪ್ರಿಯ:

ಊಟದ ವಿಷಯ ನನಗೆ ಬಿಡಿ.

‘ಎತ್’ ಎಂದರೆ ಅವರ ಲೆಕ್ಕದಲ್ಲಿ ಕುರಿ, ದನದ ಮಾಂಸ. ‘ಎತ್ ಬೇಡ’ ಎಂದರೆ ಕೋಳಿ ತಂದಿಡುತ್ತಾರೆ, ಅವರ ತಪ್ಪಲ್ಲ. ಹಾಗಾಗಿ ಮೂರನ್ನೂ ಹೇಳಿ: ‘ಎತ್ ಯೋಕ್, ತಾವುಕ್ ಯೋಕ್, ಬಾಲಿಕ್ ಯೋಕ್.’ ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ. ಸೂಪು, ಅನ್ನ ಎರಡಕ್ಕೂ ಇನ್ನೊಂದು ಪ್ರಶ್ನೆ ಬೇಕು. ಕೆಂಪು ಬೇಳೆಯ ಸೂಪು (ಮೆರ್ಜಿಮೆಕ್) ನಮ್ಮ ನಾಲಿಗೆಗೆ ಒಗ್ಗುತ್ತದೆ, ಆದರೆ ಕೆಲವೆಡೆ ಎಲುಬಿನ ನೀರಿನಲ್ಲಿ ಕುದಿಸುತ್ತಾರೆ. ಪಿಲಾವು ಬೆಳ್ಳಗೆ ಸಾಧುವಾಗಿ ಕಂಡರೂ ಕೋಳಿ ಬೇಯಿಸಿದ ನೀರಿನಲ್ಲಿ ಆಗಿರಬಹುದು. ‘ಎತ್ ಸುಯು ವಾರ್ ಮಿ?’, ‘ತಾವುಕ್ ಸುಯು ವಾರ್ ಮಿ?’ ಎಂದು ಕೇಳಿ. ‘ಯೋಕ್’ ಎಂದರೆ ತಿನ್ನಿ.

ನಂಬಿ ತಿನ್ನಬಹುದಾದದ್ದು ಗೊಜ್ಲೆಮೆ. ಹಿಟ್ಟನ್ನು ಉದ್ದ ಸಣ್ಣ ಲಟ್ಟಣಿಗೆಯಲ್ಲಿ ಒಬ್ಬಟ್ಟಿಗಿಂತ ತೆಳ್ಳಗೆ ಲಟ್ಟಿಸಿ, ಪಾಲಕ್, ಆಲೂಗಡ್ಡೆ ಅಥವಾ ಪೆಯ್ನಿರ್ (ನಮ್ಮ ಪನೀರಿನ ನೆಂಟ, ಆದರೆ ಉಪ್ಪು ಜಾಸ್ತಿ) ಹಾಕಿ ಮಡಚಿ, ಕಬ್ಬಿಣದ ಕಾವಲಿಯ ಮೇಲೆ ಬೇಯಿಸುತ್ತಾರೆ. ಕಣ್ಣೆದುರೇ ಮಾಡುವುದರಿಂದ ಅನುಮಾನವಿಲ್ಲ. ಅದೇ ಕಾವಲಿಯಲ್ಲಿ ಖೀಮಾ ಹಾಕಿದ್ದೂ ಬೇಯುತ್ತದೆ, ಮನಸ್ಸಿಗೆ ಬೇಡವೆನಿಸಿದರೆ ಒರೆಸಿ ಮಾಡಲು ಹೇಳಿ. ‘ಜೆಯ್ತಿನ್‌ಯಾಲಿ’ ಎಂದು ಬರೆದ ತಿನಿಸುಗಳು ಆಲಿವ್ ಎಣ್ಣೆಯಲ್ಲಿ ಮಾಡಿ ತಣ್ಣಗೆ ಬಡಿಸುವ ತರಕಾರಿ: ಬೀನ್ಸ್, ಬದನೆ, ಅನ್ನ ತುಂಬಿದ ದ್ರಾಕ್ಷಿ ಎಲೆ. ಮಾಂಸ ಹಾಕುವುದಿಲ್ಲ, ಏಜಿಯನ್ ಕರಾವಳಿಯ ಹೆಮ್ಮೆಯೇ ಅದು. ಮೊಟ್ಟೆ ನಡೆಯುವುದಾದರೆ ಟೊಮೆಟೊ, ಮೆಣಸಿನಕಾಯಿ ಹಾಕಿದ ಮೆನೆಮೆನ್ ಇದೆ. ಕೈಯಲ್ಲಿ ಹಿಡಿದು ತಿನ್ನಲು ಎಳ್ಳು ಹಚ್ಚಿದ ಸಿಮಿತ್. ಜೊತೆಗೆ ಆಯ್ರಾನ್, ಅಂದರೆ ಒಗ್ಗರಣೆ ಇಲ್ಲದ ಮಜ್ಜಿಗೆ.

ಬಂದರಿನ ಎದುರಿನ ಸಾಲಿನಲ್ಲಿ ಊಟ ಬೇಡ, ಎರಡು ಬೀದಿ ಒಳಗೆ ಹೋದರೆ ಅದೇ ತಿಂಡಿ ಅಗ್ಗ. ಸೆಲ್ಚುಕ್ಕಿನಲ್ಲಿ ತಿನ್ನುವುದು ಇನ್ನೂ ಒಳ್ಳೆಯದು. ಬಿಲ್ ಬೇಕಾದರೆ ‘ಹೆಸಾಪ್’ ಎನ್ನಿ, ನಮ್ಮ ಹಿಸಾಬೇ ಅದು. ಸರಿ ಎನ್ನಲು ‘ತಮಾಮ್’. ಲೀರಾದಲ್ಲಿ 200ಕ್ಕಿಂತ ದೊಡ್ಡ ನೋಟಿಲ್ಲ, ಹಾಗಾಗಿ ಕಂತೆ ದಪ್ಪ ಕಂಡರೆ ಶ್ರೀಮಂತರಾದೆವು ಎಂದುಕೊಳ್ಳಬೇಡಿ.

ಮನೆಗೆ ಒಯ್ಯಲು ಒಣ ಅಂಜೂರ. ಕುಶಾದಾಸಿ ಇರುವ ಆಯ್ದಿನ್ ಪ್ರಾಂತ್ಯವೇ ಅಂಜೂರಕ್ಕೆ ಹೆಸರಾದದ್ದು.

ನೀರಹಕ್ಕಿ:

ಎಲ್ಲರಿಗೂ ಧನ್ಯವಾದ. ವೀಸಾ 02 ಇದೆ, ಬದುಕಿದೆವು. ಎರಡು ತಂಡ ಮಾಡುವ ಉಪಾಯ ಚೆನ್ನಾಗಿದೆ. ಇನ್ನೆರಡು ಪ್ರಶ್ನೆ: ಮೇರಿಯ ಮನೆ (ಯೇಸುವಿನ ತಾಯಿ ಕೊನೆಗಾಲ ಕಳೆದರೆಂದು ನಂಬುವ ಜಾಗ) ಮತ್ತು ಶಿರಿಂಜೆ ಹಳ್ಳಿ ಎರಡನ್ನೂ ಸೇರಿಸಬಹುದೇ? ಕಾರ್ಪೆಟ್ ಅಂಗಡಿ ತಪ್ಪಿಸಿಕೊಳ್ಳುವುದು ಹೇಗೆ?

ಮೂಡಣಗಾಳಿ:

ಎರಡೂ ಬೇಡ. ಮೇರಿಯ ಮನೆ ಬೆಟ್ಟದ ಮೇಲಿದೆ, ದೊಲ್ಮುಶ್ ಇಲ್ಲ, ಟಿಕೆಟ್ ಬೇರೆ. ಹೋಗಿ ಬರಲು ಒಂದೂವರೆ ಗಂಟೆ ತಿನ್ನುತ್ತದೆ. ಭಕ್ತಿ ಇದ್ದರೆ ಹೋಗಿ, ಬರೀ ನೋಡಲೆಂದಾದರೆ ಅದೊಂದು ಪುಟ್ಟ ಕಲ್ಲಿನ ಪ್ರಾರ್ಥನಾ ಮಂದಿರ. ಶಿರಿಂಜೆ ಸೆಲ್ಚುಕ್ಕಿನಿಂದ 8 ಕಿ.ಮೀ., ಓಣಿಗಳೆಲ್ಲ ಏರು ತಗ್ಗು, ಮೊಣಕಾಲಿಗೆ ಶಿಕ್ಷೆ.

ಬದಲಿಗೆ ಸೆಲ್ಚುಕ್ಕಿನಲ್ಲಿ ಎರಡು ಗಂಟೆ. ಗ್ರೀಕ್ ದೇವತೆ ಆರ್ಟೆಮಿಸ್ ದೇಗುಲದ ಜಾಗಕ್ಕೆ ಟಿಕೆಟ್ ಇಲ್ಲ. ಪ್ರಾಚೀನ ಏಳು ಅದ್ಭುತಗಳಲ್ಲಿ ಒಂದು, ಈಗ ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಕಂಬ. ಐದು ನಿಮಿಷ ಸಾಕು. ಹತ್ತಿರವೇ 1375ರ ಇಸಾ ಬೇ ಮಸೀದಿ, ಅಂಗಳದಲ್ಲಿ ಕೂತು ಸುಧಾರಿಸಿಕೊಳ್ಳಬಹುದು. ತಲೆ, ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಶುಕ್ರವಾರ ಮಧ್ಯಾಹ್ನ ಬೇಡ. ಎಫೆಸಸ್ ಮ್ಯೂಸಿಯಂ ಸಮತಟ್ಟು, ಎದೆ ತುಂಬ ಉಂಡೆಗಳಿರುವ ಆರ್ಟೆಮಿಸ್ ಮೂರ್ತಿ ಅಲ್ಲಿದೆ. ಅವು ಮೊಲೆಗಳೋ, ಬಲಿಕೊಟ್ಟ ಹೋರಿಗಳ ಬೀಜಗಳೋ ಎಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ಊಟ ಅಲ್ಲೇ ಮುಗಿಸಿ 2ಕ್ಕೆ ಹೊರಟರೆ 2:30ಕ್ಕೆ ಕುಶಾದಾಸಿ.

29ನೇ ತಾರೀಖು ನಿಮ್ಮ ದಿನವಾದರೆ ಅದು ಅವರ ಗಣರಾಜ್ಯ ದಿನ. ಬ್ಯಾಂಕು ಮುಚ್ಚಿರುತ್ತದೆ, ಊರ ತುಂಬ ಬಾವುಟ, ಜನ. ವಾಪಸಿಗೆ ಇನ್ನರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ.

ಕಾರ್ಪೆಟ್: ಟ್ಯಾಕ್ಸಿ ಮಾತಾಡುವಾಗಲೇ ‘ಅಂಗಡಿ ಬೇಡ’ ಎಂದು ಆ ಕಾಗದದಲ್ಲೇ ಬರೆಯಿರಿ. ಡ್ರೈವರಿಗೂ ಗೈಡಿಗೂ ಅಲ್ಲಿ ಕಮಿಷನ್ ಇರುತ್ತದೆ, ಆ ಆಸೆಗೇ ದರ ಇಳಿಸಿರುತ್ತಾರೆ. ಅತಿ ಅಗ್ಗದ ದರ ಕೇಳಿದರೆ ಅನುಮಾನಿಸಿ. ಗೈಡ್ ಬೇಕೆಂದರೆ ಕುತ್ತಿಗೆಯಲ್ಲಿ ಲೈಸೆನ್ಸ್ ಕಾರ್ಡ್ ನೇತಾಡುತ್ತಿರಬೇಕು, ಅಲ್ಲಿ ಲೈಸೆನ್ಸ್ ಇಲ್ಲದೆ ಗೈಡ್ ಕೆಲಸ ಮಾಡುವುದು ಕಾನೂನುಬಾಹಿರ. ಗೇಟಿನ ಹತ್ತಿರ ಜೇಬಿನಿಂದ ‘ಹಳೇ ನಾಣ್ಯ’ ತೆಗೆದು ತೋರಿಸುವವರಿಂದ ಏನೂ ಕೊಳ್ಳಬೇಡಿ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ದೇಶದಿಂದ ಹೊರಗೆ ಒಯ್ಯುವುದು ಜೈಲಿಗೆ ಹಾಕುವ ಅಪರಾಧ.

ಊರಿನಲ್ಲಿ ಎರಡು ಗಂಟೆ ಕಳೆಯಲು ಬೇಕಾದಷ್ಟಿದೆ. ಬಂದರಿನ ಎದುರಿಗೇ 1618ರಲ್ಲಿ ಒಕ್ಯುಜ್ ಮೆಹಮೆತ್ ಪಾಶಾ ಕಟ್ಟಿಸಿದ ಕೋಟೆಯಂಥ ಛತ್ರ, ಒಳ ಅಂಗಳ ನೋಡಿ. ಅಲ್ಲಿಂದ ಸಮುದ್ರ ದಂಡೆ ಹಿಡಿದು ಕಾಲು ಗಂಟೆ ನಡೆದರೆ ಗುವೆರ್ಜಿನಾದಾ, ಅಂದರೆ ಪಾರಿವಾಳ ದ್ವೀಪ. ದಡಕ್ಕೆ ಕಟ್ಟೆ ಹಾಕಿ ಸೇರಿಸಿದ್ದಾರೆ, ಮೇಲೆ ಕೋಟೆ. (ಕುಶಾದಾಸಿ ಎಂದರೇ ಹಕ್ಕಿದ್ವೀಪ. ನೀರಹಕ್ಕಿ ಎಂಬ ಹೆಸರಿನವರು ನೋಡದೆ ಬರುವುದೇ?) ಒಳಗೆ ಏರಿದೆ, ಕಾಲು ನೋವಿನವರು ಕಟ್ಟೆಯ ಮೇಲೇ ಚಹಾ ಕುಡಿಯುತ್ತ ಕೂರಲಿ. ಅಲ್ಲಿಂದ ನಿಮ್ಮ ಹಡಗು ಇಡಿಯಾಗಿ ಕಾಣುತ್ತದೆ.

4:45ಕ್ಕೆ ಎದ್ದರೆ ಸಾಕು. ಬಂದರಿನೊಳಗೆ ಸಾಮಾನು ಸ್ಕ್ಯಾನ್ ಮಾಡುವ ಸಾಲು 5ರ ಮೇಲೆ ಉದ್ದವಾಗುತ್ತದೆ. ಹಡಗಿನ ಕಾರ್ಡು ಕೈಯಲ್ಲೇ ಇರಲಿ, ಪಾಸ್‌ಪೋರ್ಟ್ ಹಡಗಿನವರ ಹತ್ತಿರ ಉಳಿದಿದ್ದರೆ ಅದರ ಜೆರಾಕ್ಸ್ ಕೂಡ.